ಕೌದಿಯಲ್ಲಿ ಸುತ್ತಿದ ಕೋವಿ

ಒಲೆಯ ಬಾಗಿಲು ಕೆಡದೆ ಇದ್ದಿದ್ದರೆ ಆರ್ಡಿಸ್ ಲೊಕೆನ್ ಕೋವಿ ಕೊಳ್ಳುತ್ತಲೇ ಇರಲಿಲ್ಲ.

ಹಳೆಯ ಓವನ್ ಒಲೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ, ಕುರ್ಚಿಯೊಂದನ್ನು ಒತ್ತುಕೊಡಬೇಕಿತ್ತು. ಆಗಸ್ಟ್‌ನಲ್ಲಿ ಹೊಸ ಒಲೆ ತರಲೆಂದು ಪಟ್ಟಣಕ್ಕೆ ಹೊರಟವಳು ದಾರಿಯಲ್ಲಿ ಕುಚೆರಾ ಮುದುಕನ ಕೋವಿ ರಿಪೇರಿ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದಳು. ಹೊಸ ಒಲೆ ಬಂದರೆ ಏನಾಗುತ್ತದೆ? ಅದರ ಮುಂದೆ ಇನ್ನೂ ಇಪ್ಪತ್ತು ವರ್ಷ ನಿಲ್ಲುವುದು. ಒಲೆಯ ದುಡ್ಡು ಅಲ್ಲೇ ಒಂದು ಕೋವಿಗೆ ಮುಂಗಡವಾಯಿತು.

ಅದು ಅವಳ ಅಪ್ಪನ ಕಾಲದ ಪಂಪ್ ಕೋವಿ, ಎಪ್ಪತ್ತು ವರ್ಷದ್ದು. ಯಾರದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಕೊಟ್ಟಿಗೆಯ ಚಿಲಕದಂತಾಗಿತ್ತು. ಕುಚೆರಾ ಅದನ್ನು ಬಿಚ್ಚಿ, ಉಜ್ಜಿ, ನಳಿಗೆಗೆ ಮತ್ತೆ ಕಪ್ಪುನೀಲಿ ಬಣ್ಣ ಬರಿಸಿ, ಮರಕ್ಕೆ ಪದರ ಪದರವಾಗಿ ಎಣ್ಣೆ ಕುಡಿಸಿದ. ಎಂಟು ಶನಿವಾರ ಆರ್ಡಿಸ್ ಮನೆಯಲ್ಲಿ ಚರ್ಚಿನ ಹಾಡಿನ ಅಭ್ಯಾಸವೆಂದು ಹೇಳಿ ಹೋಗಿ, ಅವನ ಶೆಡ್ಡಿನ ಹಿಂದೆ ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳನ್ನು ಗುರಿಯಿಟ್ಟು ಹೊಡೆದಳು. ಅಭ್ಯಾಸ ಮಾಡಿದಷ್ಟೂ ಹೆಂಡತಿಯ ದನಿ ಒರಟಾಗುತ್ತಿದೆಯಲ್ಲ ಎಂದು ಗಂಡ ಮರ್ಲಿನ್‌ಗೆ ಅನ್ನಿಸಿದ್ದೂ ಉಂಟು.

ಅಕ್ಟೋಬರ್‌ನ ಮೂರನೆಯ ಶನಿವಾರ ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆ ಶುರುವಾಗುವ ದಿನ. ಬೆಳಿಗ್ಗೆ ಏಳಕ್ಕೆ ಕುಚೆರಾ ಕೋವಿಯನ್ನು ಅವಳ ಕೈಗಿಟ್ಟ.

"ನೋಡಮ್ಮ, ನಳಿಗೆ ಕೆಳಗಿನ ಹಿಡೀನ ಪೂರ್ತಿ ಹಿಂದಕ್ಕೆಳಿ, ಪೂರ್ತಿ ಮುಂದಕ್ಕೆ ತಳ್ಳು. ಅರ್ಧಕ್ಕೆ ನಿಲ್ಸಿದ್ರೆ ಇದು ಮುನಿಸ್ಕೊಳ್ಳುತ್ತೆ."

"ಹಕ್ಕಿ ಬೀಳುತ್ತಾ ಕುಚೆರಾ ಅವ್ರೇ?"

"ಬಿಲ್ಲೆ ಬಿತ್ತಲ್ಲ. ಬಿಲ್ಲೆಗಿಂತ ಹಕ್ಕಿ ದಪ್ಪ ಇರುತ್ತೆ."

ಕೋವಿಗೆ ಚೀಲ ಇರಲಿಲ್ಲ. ಅತ್ತೆ ಹೊಲಿದ ಕೌದಿಯಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಅಂಗಳದಲ್ಲಿ ಆಗಲೇ ಮೂವರು ಕಿತ್ತಲೆ ಬಣ್ಣದ ಟೋಪಿ ಹಾಕಿಕೊಂಡು ಕಾಫಿ ಹೀರುತ್ತಿದ್ದರು: ಮರ್ಲಿನ್, ಅವನ ಅಣ್ಣ ವೆಂಡೆಲ್, ಪಕ್ಕದ ಜಮೀನಿನ ಹಾರ್ಲನ್. ಆ ಸೀಮೆಯಲ್ಲಿ ಹೆಂಗಸೊಬ್ಬಳು ಕೌದಿ ಸುತ್ತಿದ ಏನನ್ನಾದರೂ ಎದೆಗವಚಿಕೊಂಡು ಬಂದರೆ ಅದು ಬಿಸಿ ಆರದಂತೆ ಸುತ್ತಿದ, ಮಾಂಸ ಆಲೂಗಡ್ಡೆ ಸೇರಿಸಿ ಓವನ್‌ನಲ್ಲಿ ಬೇಯಿಸಿದ ಹಾಟ್‌ಡಿಶ್ ಅಡುಗೆಯೇ. ಬೇರೆ ಏನೂ ಆಗಿರಲು ಸಾಧ್ಯವಿಲ್ಲ.

ಹಾರ್ಲನ್ ಓಡಿಬಂದು ಕೈಚಾಚಿದ. "ಕೊಡು ಕೊಡು, ಕೈ ಸುಟ್ಕೋತೀಯ. ಒಲೆ ಕೆಟ್ಟಿದೆ ಅಂತ ತಂಗಿ ಮನೇಲಿ ಬೇಯಿಸ್ಕೊಂಡು ಬಂದ್ಯಾ?"

"ಎಷ್ಟುದ್ದದ ಪಾತ್ರೆ ಇದು," ಎಂದ ವೆಂಡೆಲ್. "ಇಡೀ ಚರ್ಚಿಗೆ ಮಾಡಿದ್ದಾಳೆ."

ಹಾರ್ಲನ್ ಮೂಗು ಹತ್ತಿರ ತಂದು ಮೂಸಿದ. ಎಣ್ಣೆಯ ವಾಸನೆ ಬಂತು. "ಸ್ವಲ್ಪ ಜಿಡ್ಡು ಜಾಸ್ತಿ ಆಗಿದೆ," ಎಂದು ಹೇಳುತ್ತಾ ಕೌದಿಯ ತುದಿ ಸರಿಸಿದ. ನಳಿಗೆ ಕಂಡಿತು. ಅವನು ಕೌದಿಯನ್ನು ಮೆಲ್ಲಗೆ ಮೊದಲಿದ್ದಂತೆಯೇ ಮುಚ್ಚಿದ, ಬಚ್ಚಲ ಬಾಗಿಲನ್ನು ತಪ್ಪಿ ತೆರೆದವನಂತೆ.

"ನಾನೂ ಬರ್ತೀನಿ ಹೊಲಕ್ಕೆ," ಎಂದಳು ಆರ್ಡಿಸ್. ಮದುವೆಯಾದ ಹತ್ತೊಂಬತ್ತು ವರ್ಷದಿಂದ ಬಾಯಲ್ಲೇ ಇದ್ದ ಮಾತು, ಹೊರಬಂದಾಗ ಇಷ್ಟೇ ಇತ್ತು.

ಮೂವರೂ ತಲೆಗೊಂದರಂತೆ ತಪ್ಪು ಹುಡುಕಿದರು. ಕೋವಿ ಭಾರ ಎಂದು ಹಾರ್ಲನ್ ಹೇಳಿದ. ಮುದಿಯಾಗಿದೆ ಎಂದ ವೆಂಡೆಲ್, ಅರವತ್ತೆಂಟರ ಮಂಡಿಯನ್ನು ತಿಕ್ಕಿಕೊಳ್ಳುತ್ತಾ. ಮರ್ಲಿನ್ ಕೇಳಿದ್ದು ಒಂದೇ: "ಹಾಡಿನ ಅಭ್ಯಾಸ?"

"ಇದೇ."

"ಅದಕ್ಕೇ ಸ್ವರ ಹತ್ತಲಿಲ್ಲ."

ಆರ್ಡಿಸ್ ಅವರನ್ನು ಟ್ರ್ಯಾಕ್ಟರ್ ಶೆಡ್ಡಿಗೆ ಕರೆದುಕೊಂಡು ಹೋದಳು. ಅಲ್ಲಿ ಗೋಡೆಯ ಹಲಗೆಯ ಮೇಲೆ ತೀರಿಹೋದ ಮಾವ ಬರೆದ ಮೂರು ನಿಯಮಗಳಿದ್ದವು. ಆ ಮನೆಯಲ್ಲಿ ಅವನ್ನು ಮೀರಿದವರಿಲ್ಲ.

"ಓದಿ ವೆಂಡೆಲ್. ಒಂದನೇದು."

ವೆಂಡೆಲ್ ಕನ್ನಡಕ ಏರಿಸಿದ. "ಕೋವಿ ಇರುವವರು ಹೊಲಕ್ಕೆ. ಇಲ್ಲದವರು ಅಡುಗೆಮನೆಗೆ."

"ನನ್ನ ಹತ್ರ ಇದೆ. ಲೈಸೆನ್ಸೂ ಇದೆ."

ವೆಂಡೆಲ್ ಹಲಗೆಯನ್ನು ಇನ್ನೊಮ್ಮೆ ಓದಿದ. ಅಪ್ಪ ಎಲ್ಲಾದರೂ ಗಂಡಸರು ಎಂದು ಬರೆದಿರಬಹುದೆಂದು ಹುಡುಕಿದ. ಬರೆದಿರಲಿಲ್ಲ.

"ಹಂಗಾದ್ರೆ ಊಟ?" ಎಂದು ಕೇಳಿದ ಹಾರ್ಲನ್.

"ಆಲೂಗಡ್ಡೆ ಬುಟ್ಟಿಯಲ್ಲಿದೆ. ಮಾಂಸ ಫ್ರಿಜ್ಜಿನಲ್ಲಿದೆ. ಮೂರನೇ ನಿಯಮ ನೋಡ್ಕೊಳ್ಳಿ."

ದಿನಕ್ಕೆ ಒಬ್ಬರಿಗೆ ಮೂರು ಹುಂಜ ಎಂಬುದು ಸರ್ಕಾರದ ಲೆಕ್ಕ, ಹಲಗೆಯ ಎರಡನೇ ನಿಯಮವೂ ಅದೇ. ಮೂರು ಹೊಡೆದವರು ಕೋವಿ ಖಾಲಿ ಮಾಡಿ ಮನೆಗೆ ಹೋಗಿ ಊಟ ನೋಡಿಕೊಳ್ಳಬೇಕೆಂಬುದು ಮಾವನ ಮೂರನೇ ನಿಯಮ. ಎಲ್ಲರೂ ನಕ್ಕರು. ಮಾವ ತೀರಿಕೊಂಡ ಮೇಲೆ ಆ ಅಂಗಳದಿಂದ ಹೊರಟವರಲ್ಲಿ ಮಧ್ಯಾಹ್ನದೊಳಗೆ ಮೂರು ಹೊಡೆದವರು ಯಾರೂ ಇರಲಿಲ್ಲ. ವೆಂಡೆಲ್ ಗಾಳಿಯನ್ನು ದೂರುತ್ತಿದ್ದ, ಹಾರ್ಲನ್ ನಾಯಿಯನ್ನು ದೂರುತ್ತಿದ್ದ, ಮರ್ಲಿನ್ ತನ್ನ ಕೋವಿಯನ್ನು.

"ಸರಿ ಬಿಡು, ಇವತ್ತು ಬ್ರೆಡ್ಡೇ ಗತಿ," ಎಂದ ಹಾರ್ಲನ್.

ಹತ್ತು ಗಂಟೆಗೆ ಜೋಳದ ಹೊಲದಲ್ಲಿ ಸಾಲಾಗಿ ನಿಂತರು. ವೆಂಡೆಲ್ ಅವಳನ್ನು ರಸ್ತೆ ಬದಿಯ ತುದಿಗೆ ಹಾಕಿದ. ಆ ತುದಿಯಿಂದ ಹಕ್ಕಿ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಆರ್ಡಿಸ್ ಜೇಬಿನಲ್ಲಿದ್ದ ತೋಟಾಗಳನ್ನು ಎಣಿಸಿಕೊಂಡಳು. ಇವತ್ತು ಒಂದೂ ಬೀಳದಿದ್ದರೆ ಮುಂದಿನ ವರ್ಷ ಕೋವಿ ಇದ್ದೂ ಅಡುಗೆಮನೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪಾತ್ರೆ ತೊಳೆದು ಕೊಡುತ್ತಾ ಕರುಣೆಯಿಂದ ನೋಡುತ್ತಾರೆ.

ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಕಾಲಬುಡದಿಂದಲೇ ಹುಂಜವೊಂದು ಮಡಕೆ ಒಡೆದಂತೆ ಸದ್ದು ಮಾಡುತ್ತಾ ಎದ್ದಿತು. ಆರ್ಡಿಸ್ ಕೋವಿ ಎತ್ತಿ ಟ್ರಿಗರ್ ಎಳೆದಳು. ಏನೂ ಆಗಲಿಲ್ಲ. ಸುರಕ್ಷೆಯ ಗುಂಡಿ ಒತ್ತಿರಲಿಲ್ಲ.

"ಮುದಿ ಕೋವಿ, ಹೇಳಿದ್ನಲ್ಲ," ಎಂದು ದೂರದಿಂದ ವೆಂಡೆಲ್‌ನ ದನಿ ಕೇಳಿತು.

ಅಷ್ಟರಲ್ಲಿ ಅವಳು ಗುಂಡಿ ಒತ್ತಿದ್ದಳು. ಮೊದಲ ಗುಂಡು ಆಕಾಶಕ್ಕೆ ಹೋಯಿತು. ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ. ಎರಡನೆಯದಕ್ಕೆ ಹುಂಜ ಮಡಚಿದ ಛತ್ರಿಯಂತೆ ಜೋಳದೊಳಗೆ ಬಿತ್ತು.

ನಾಯಿ ಹಕ್ಕಿಯನ್ನು ಕಚ್ಚಿಕೊಂಡು ಅಭ್ಯಾಸಬಲದಿಂದ ವೆಂಡೆಲ್ ಬಳಿ ಹೋಯಿತು. ಅವನು ಬೆರಳು ತೋರಿಸಿ ಅವಳತ್ತ ಕಳಿಸಬೇಕಾಯಿತು.

ಎರಡನೆಯ ಹುಂಜ ಹಾರ್ಲನ್‌ನ ಮುಂದೆ ಎದ್ದಿತು. ಅವನು ಮೂರು ತೋಟಾ ಸುಟ್ಟು ಅದನ್ನು ಬೆದರಿಸಿ ಆರ್ಡಿಸ್‌ಳ ನೆತ್ತಿಯ ಮೇಲೆ ಕಳಿಸಿಕೊಟ್ಟ. ಅದು ಎತ್ತರದಲ್ಲಿ ಗಾಳಿಯೊಂದಿಗೆ ಹೋಗುತ್ತಿತ್ತು. ಒಂದೇ ಗುಂಡಿಗೆ ಇಳಿಯಿತು. ಹೊಲದ ಕೊನೆಯಲ್ಲಿ ಮೂರನೆಯದು ಮರ್ಲಿನ್‌ನನ್ನು ದಾಟಿ ಬಂತು.

"ನಿಂದು," ಎಂದು ಕೂಗಿದ ಮರ್ಲಿನ್, ಎರಡು ಸಲ ಗುರಿ ತಪ್ಪಿದ ಮೇಲೆ.

ಅವಳದೇ ಆಯಿತು.

ಗಂಡಸರು ಅವಳ ಸುತ್ತ ನೆರೆದರು. ವೆಂಡೆಲ್ ಟೋಪಿ ತೆಗೆದ. "ಅಪ್ಪ ಹೋದ ಮೇಲೆ ಇಂಥದ್ದು ನೋಡಿರ್ಲಿಲ್ಲ ಆರ್ಡಿಸ್. ಮುಂದಿನ ವರ್ಷ ನಡುವಿನ ಜಾಗ ನಿಂದೇ." ಹಾರ್ಲನ್ ಕೋವಿಯನ್ನು ಕೂಸಿನಂತೆ ಎತ್ತಿಕೊಂಡು ತೂಗಿ, ಅಂಥ ಭಾರವೇನಿಲ್ಲ ಎಂದ. ಆರ್ಡಿಸ್‌ಗೆ ಕೆನ್ನೆ ಉರಿಯುವಷ್ಟು ಸಂತೋಷವಾಯಿತು. ತನ್ನ ಅಪ್ಪ ಇದ್ದಿದ್ದರೆ ಎಂದುಕೊಂಡಳು.

"ಟೈಮೆಷ್ಟು?" ಎಂದು ಕೇಳಿದ ವೆಂಡೆಲ್.

"ಹತ್ತೂ ನಲವತ್ತು," ಎಂದ ಮರ್ಲಿನ್. ಆಮೇಲೆ ನೆಲ ನೋಡುತ್ತಾ ಮೆಲ್ಲಗೆ ಎಣಿಸಿದ. "ಒಂದು, ಎರಡು, ಮೂರು."

ಹಾರ್ಲನ್‌ನ ಮುಖ ಅರಳಿತು. "ಆಲೂಗಡ್ಡೆ ಬುಟ್ಟಿಯಲ್ಲಿದೆ ಅಂದ್ಯಲ್ಲ?"

ಆರ್ಡಿಸ್‌ಗೆ ಮೂರನೇ ನಿಯಮ ಈಗ ನೆನಪಾಯಿತು. "ಇನ್ನೂ ಹನ್ನೊಂದಾಗಿಲ್ಲ. ಕೋವಿ ಗಾಡೀಲಿಟ್ಟು ಬರ್ತೀನಿ. ಬರಿಗೈಲಿ ನಿಮ್ಜೊತೆ ನಡೀತೀನಿ, ಹಕ್ಕಿ ಎಬ್ಬಿಸ್ತೀನಿ."

ವೆಂಡೆಲ್‌ಗೆ ನಿಜವಾಗಿ ಬೇಸರವಾಗಿತ್ತು. "ಬರಿಗೈಲಿ ಅಂದ್ರೆ ಕೋವಿ ಇಲ್ಲದವರು, ಆರ್ಡಿಸ್. ಅದು ಒಂದನೇ ನಿಯಮ."

ಹನ್ನೊಂದಕ್ಕೆ ಅವಳು ಕಿತ್ತಲೆ ಟೋಪಿಯಲ್ಲೇ ಆಲೂಗಡ್ಡೆ ಹೆಚ್ಚುತ್ತಿದ್ದಳು. ಟೋಪಿಗೆ ಮೂರು ಉದ್ದನೆಯ ಬಾಲದ ಗರಿ ಸಿಕ್ಕಿಸಿದ್ದಳು. ಪ್ರತಿ ಸಲ ಬಗ್ಗಿದಾಗ ಅವು ಪಕ್ಕದ ಪಾತ್ರೆಯ ಮಾಂಸದ ಸಾರಿನಲ್ಲಿ ಅದ್ದುತ್ತಿದ್ದವು. ಕುರ್ಚಿ ಒಲೆಯ ಬಾಗಿಲನ್ನು ಒತ್ತಿಕೊಂಡು ನಿಂತಿತ್ತು. ಹೊರಗೆ ಗುಂಡಿನ ಸದ್ದು ಕೇಳುತ್ತಲೇ ಇತ್ತು. ಸದ್ದು ಎಷ್ಟು ಹೊತ್ತು ಮುಂದುವರಿಯಿತೆಂದರೆ, ಏನೂ ಬೀಳುತ್ತಿಲ್ಲವೆಂದು ಅವಳಿಗೆ ಖಾತ್ರಿಯಾಯಿತು.

ಎರಡು ಗಂಟೆಗೆ ಮೂವರೂ ಸೇರಿ ಒಂದು ಹುಂಜ ತಂದರು. ಹಾಟ್‌ಡಿಶ್ ಮೂರು ಸಲ ಹಾಕಿಸಿಕೊಂಡರು. ವೆಂಡೆಲ್ ಕಾಫಿ ಲೋಟ ಎತ್ತಿ ಎದ್ದು ನಿಂತು ಅವಳ ಹೆಸರು ಹೇಳಿದ. ಶೆಡ್ಡಿನ ಹಲಗೆಯ ಕೆಳಗೆ, ಮಾವನ ಹೆಸರಿನ ಪಕ್ಕದಲ್ಲಿ, ಸೀಮೆಸುಣ್ಣದಿಂದ ಬರೆದ: ಆರ್ಡಿಸ್, ಮೂರು, ಹತ್ತೂ ನಲವತ್ತು.

"ಈ ಕೋವಿ ಇದ್ರೆ," ಎಂದ ಹಾರ್ಲನ್ ತಟ್ಟೆ ಒರೆಸುತ್ತಾ, "ಪ್ರತಿ ವರ್ಷ ಮೊದಲು ಮುಗ್ಸೋಳು ನೀನೇ. ನಮಗೆ ಬಿಸಿ ಊಟದ ಚಿಂತೆ ಇಲ್ಲ."

ಅವರು ಮತ್ತೆ ಹೊಲಕ್ಕೆ ಹೋದ ಮೇಲೆ ಆರ್ಡಿಸ್ ಕುಚೆರಾಗೆ ಫೋನ್ ಮಾಡಿದಳು. ಮೂರು ಹುಂಜದ ಸುದ್ದಿ ಕೇಳಿ ಮುದುಕ ಹಿಗ್ಗಿದ.

"ನಿಮ್ಮ ಹತ್ರ," ಎಂದಳು ಅವಳು, "ಇದಕ್ಕಿಂತ ಸ್ವಲ್ಪ ಕೆಟ್ಟ ಕೋವಿ ಏನಾದ್ರೂ ಇದೆಯಾ?"

"ಎಷ್ಟು ಕೆಟ್ಟದು?"

"ಸಂಜೆವರೆಗೂ ಹೊಲದಲ್ಲೇ ಇರೋವಷ್ಟು."

"ಅಂಥದ್ದಕ್ಕೆ ನನ್ನ ಹತ್ರ ಯಾಕಮ್ಮ ಬರ್ತೀಯ? ನಿನ್ನ ಗಂಡನದನ್ನ ಕೇಳು. ಹತ್ತೊಂಬತ್ತು ವರ್ಷದಿಂದ ತಪ್ಪೆಲ್ಲ ಅದರದ್ದೇ ಅಂತಾನೆ."