ಒಬ್ಬಟ್ಟು ಬಿಚ್ಚಿದ ಅಧಿಕಾರಿ

ಅಚ್ಚಾದದ್ದನ್ನೆಲ್ಲ ನಂಬಬಾರದೆಂಬ ಪಾಠವನ್ನು ನಾನು ಕಲಿತದ್ದು ಅಚ್ಚಾದ ಪುಸ್ತಕಗಳಿಂದಲೇ. ಹತ್ತನೆಯ ತರಗತಿಯಲ್ಲಿ ನಪಾಸಾಗಿ, ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಆಯುಷ್ಯದ ಬಹುಪಾಲು ನಿಂತು ಕಳೆದ ನನಗೆ ಗುರುಗಳೆಂದರೆ ಯಲಹಂಕದ ಗ್ರಂಥಾಲಯದ ಕಪಾಟುಗಳು. ಅಲ್ಲಿ ಒಂದು ಪುಸ್ತಕ ಹೇಳಿದ್ದನ್ನು ಪಕ್ಕದ ಪುಸ್ತಕ ಅಲ್ಲಗಳೆಯುತ್ತಿತ್ತು. ನಾನು ಎರಡನ್ನೂ ಅನುಮಾನಿಸುತ್ತ ವಿದ್ಯಾವಂತನಾದೆ. ನಮ್ಮ ಪುಟ್ಟೇನಹಳ್ಳಿಯ ಬೀದಿಯ ಕೊನೆಯ ಗುಡಿಯ ಮುಂದೆ ಯಾರೋ ಭಕ್ತರು ಸ್ಥಳಪುರಾಣದ ಫಲಕ ನೆಟ್ಟಾಗ, ಅದರ ತಪ್ಪುಗಳನ್ನು ತೋರಿಸಿ ಐದು ಪುಟ ಬರೆದುಕೊಟ್ಟಿದ್ದೆ. ಅವರು ಫಲಕವನ್ನೇ ಕಿತ್ತು, ಆ ಜಾಗದಲ್ಲಿ ‘ಇಲ್ಲಿ ಚಪ್ಪಲಿ ಬಿಡಬಾರದು’ ಎಂದು ಬರೆಸಿದರು. ಆ ವಾಕ್ಯದಲ್ಲಿ ನನಗೆ ಈವರೆಗೆ ದೋಷ ಸಿಕ್ಕಿಲ್ಲ.

ಇಂಥವನ ಮನೆಗೆ ಹೋದ ತಿಂಗಳು ಒಂದು ವಿಮರ್ಶೆ ಬಂದಿತು. ನನ್ನ ಹೆಂಡತಿ ಸರೋಜಳ ಸೋದರತ್ತೆ ಮುನಿಯಕ್ಕ ಮತ್ತಿಕೆರೆಯವರು. ಅಲ್ಲಿ ಬಾಡಿಗೆ ಕೋಣೆಗಳಿಗಿಂತ ರಾಗಿ ಹೊಲಗಳೇ ಹೆಚ್ಚಿದ್ದ ಕಾಲದಿಂದ ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತ ಬಂದವರು. ಎಂಬತ್ತು ದಾಟಿದ ಅವರ ಹಾಡುಗಳನ್ನು ಮೊಮ್ಮಗಳು ರೆಕಾರ್ಡ್ ಮಾಡಿ, ಎಲ್ಲರ ಮೊಬೈಲಿಗೂ ಸಿಗುವಂತೆ ಒಂದು ಆಲ್ಬಂ ಹೊರತಂದಳು. ಅದರ ಮೂರನೆಯ ಹಾಡು ಬೀಗರನ್ನು ಗೇಲಿ ಮಾಡುವಂಥದ್ದು:

ಒಬ್ಬಟ್ಟು ಬಿಚ್ಚವ್ನೆ, ಹೂರಣ ಹುಡುಕವ್ನೆ,
ಕನ್ನಡ್ಕ ಇಕ್ಕಿರೋ ಅಳಿಯ;
ಮುದ್ದೇನೂ ಮುರುದಾನು, ರಾಗೀನೂ ಎಣಿಸ್ಯಾನು,
ಜೋಕೆ ಕಣೆ ನಮ್ಮನೆ ಮಗಳೆ.

ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ವಿಮರ್ಶಕರೊಬ್ಬರು ಈ ನಾಲ್ಕು ಸಾಲಿಗೆ ಅರ್ಧ ಪುಟ ಮೀಸಲಿಟ್ಟಿದ್ದರು. ಅವರ ಪ್ರಕಾರ ಒಬ್ಬಟ್ಟೆಂದರೆ ಭೂಮಿ, ಹೂರಣವೆಂದರೆ ಬೆಳೆ, ಅಳಿಯನೆಂದರೆ ಕಂದಾಯ ವಸೂಲಿಗೆ ಬಂದ ಬಿಳಿಯ ಅಧಿಕಾರಿ. ಕನ್ನಡಕವೇ ಅದಕ್ಕೆ ಪುರಾವೆ. ಆದ್ದರಿಂದ ಹಾಡಿಗೆ ನೂರು ವರ್ಷಕ್ಕೆ ಕಡಿಮೆಯಿಲ್ಲ. ಮೊಬೈಲಿನಲ್ಲಿ ಬರೆಯುವ ಇನ್ನೊಬ್ಬರು ಒಬ್ಬಟ್ಟನ್ನು ದೇಹವೆಂದೂ ಹೂರಣವನ್ನು ಆತ್ಮವೆಂದೂ ನಿರ್ಣಯಿಸಿ, ಮುದ್ದೆಯ ವಿಷಯದಲ್ಲಿ ಮಾತ್ರ ಜಾಣ ಮೌನ ವಹಿಸಿದ್ದರು.

ಓದುಗರೇ, ಆ ಅಳಿಯ ನಾನು.

ಮತ್ತಿಕೆರೆಯ ಹೆಣ್ಣಿನ ಮನೆಯ ಚಪ್ಪರದಡಿ ನನ್ನದೇ ಮದುವೆಯ ಊಟಕ್ಕೆ ಕುಳಿತಿದ್ದೆ. ಪಕ್ಕದಲ್ಲಿದ್ದ ನನ್ನ ಚಿಕ್ಕಪ್ಪ ಕಿವಿಯ ಬಳಿ ಬಾಗಿ, ಈ ಕಡೆಯವರು ಕಣಕ ದಪ್ಪ ಮಾಡಿ ಹೂರಣದಲ್ಲಿ ಕೈ ಬಿಗಿಹಿಡಿಯುತ್ತಾರೆ ಎಂದರು. ಆಧಾರವಿಲ್ಲದೆ ಒಂದು ವಂಶದ ಮೇಲೇ ಆರೋಪ ಹೊರಿಸುವುದು ನನಗೆ ಸರಿಬರಲಿಲ್ಲ. ಎಲೆಯ ಮೇಲಿನ ಒಬ್ಬಟ್ಟನ್ನು ಬಿಚ್ಚಿ ನೋಡಿದೆ. ಹೂರಣ ಅಂಚಿನವರೆಗೂ ಇತ್ತು. ಚಿಕ್ಕಪ್ಪ ಬಾಯಿ ಮುಚ್ಚಿದರು. ಆದರೆ ಎದುರು ಸಾಲಿನ ಹೆಂಗಸರಿಗೆ ನನ್ನ ಉದ್ದೇಶ ಎಲ್ಲಿ ಕಾಣಬೇಕು? ಬಾಳೆಲೆ ಎತ್ತುವ ಮೊದಲೇ ಮುನಿಯಕ್ಕನ ಹಾಡು ಎದ್ದಿತ್ತು.

ವಿಮರ್ಶಕರ ತಪ್ಪನ್ನು ತಿದ್ದಬೇಕಾದರೆ ಇದನ್ನೆಲ್ಲ ಪತ್ರಿಕೆಗೆ ಬರೆಯಬೇಕು. ಬರೆದರೆ, ನನ್ನನ್ನು ಗಂಭೀರ ವ್ಯಕ್ತಿಯೆಂದೇ ಬಗೆದಿರುವ ಮಕ್ಕಳು, ಸೊಸೆ, ಬೀಗರು ಎಲ್ಲರೂ ಓದುತ್ತಾರೆ. ಎರಡು ದಿನ ಸತ್ಯಕ್ಕೂ ಮಾನಕ್ಕೂ ಕುಸ್ತಿ ನಡೆಯಿತು. ಸತ್ಯ ಗೆದ್ದಿತು, ಅಥವಾ ವಿಮರ್ಶಕರನ್ನು ಕೆಡವುವ ಆಸೆ ಗೆದ್ದಿತು. ದೂರದಿಂದ ಅವೆರಡರ ಮುಖವೂ ಒಂದೇ. ಪತ್ರ ಸಿದ್ಧವಾಯಿತು. ಸಾಕ್ಷಿಯಾಗಿ ಮುನಿಯಕ್ಕನ ಹೆಬ್ಬೆಟ್ಟಿನ ಗುರುತಿದ್ದರೆ ಯಾರೂ ಮಿಸುಕಾಡುವಂತಿಲ್ಲವೆಂದು, ಸರೋಜಳನ್ನೂ ಕರೆದುಕೊಂಡು ಹೆಬ್ಬಾಳದ ವಾಹನಗಳ ನಡುವೆ ತೆವಳಿ ಮತ್ತಿಕೆರೆ ತಲುಪಿದೆ.

ಮುನಿಯಕ್ಕ ಅವರೆಕಾಯಿ ಸುಲಿಯುತ್ತಿದ್ದರು. ವಿಮರ್ಶೆಯನ್ನು ಮೊಮ್ಮಗಳು ಓದಿ ಹೇಳಿದ್ದಳಂತೆ. ಒಬ್ಬಟ್ಟೆಂದರೆ ಭೂಮಿ ಎಂದವನು ಪಾಪ ಒಬ್ಬಟ್ಟು ತಿಂದವನಲ್ಲ, ಒಂದಿನ ಊಟಕ್ಕೆ ಕರೆಯಿರಿ ಎಂದರು. ನಾನು ಪತ್ರವನ್ನು ಗಟ್ಟಿಯಾಗಿ ಓದಿ, ಮಸಿಯ ಡಬ್ಬಿ ತೆರೆದೆ. ಅವರು ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡರು.

“ನಿಮ್ ಮ್ಯಾಲೆ ಕಟ್ಟಿದ್ದು ಅಂತ ಯಾರೇಳಿದ್ರು ಅಳಿಯಂದ್ರೆ? ನಮ್ಮವ್ವನ ಮದ್ವೇಲೂ ಇದೇ ಪದ ಏಳಿದ್ರಂತೆ. ನಮ್ಮಪ್ಪಂಗೆ ದಪ್ಪ ಮೀಸೆ, ಅದ್ಕೆ ಮೀಸೆ ಬಿಟ್ಟಿರೋ ಅಳಿಯ ಅಂದ್ರಂತೆ. ನಿಮ್ಗೆ ಕನ್ನಡ್ಕ ಇತ್ತು, ನಾನು ಕನ್ನಡ್ಕ ಆಕ್ದೆ. ಚೆಂದಾಗ್ ಕೂತ್ಕಂತು, ಆಮೇಲೆ ತೆಗೀಲಿಲ್ಲ.”

ಹಾಗಾದರೆ ನಾನು ಒಬ್ಬಟ್ಟು ಬಿಚ್ಚಿದ್ದು? ಎಂದೆ.

“ಬಿಚ್ಚಿದೋರ್ಗೂ ಏಳ್ತೀವಿ, ಬಿಚ್ಚದೋರ್ಗೂ ಏಳ್ತೀವಿ. ನೀವು ಬಿಚ್ಚಿದ್ದು ನಾನು ನೋಡ್ಲೇ ಇಲ್ವಲ್ಲಪ್ಪ.”

ಇಷ್ಟು ವರ್ಷ ನೆಂಟರ ಮದುವೆಗಳಲ್ಲಿ ಆ ಹಾಡು ಕೇಳಿಬಂದಾಗಲೆಲ್ಲ, ನನ್ನ ಅಪಕೀರ್ತಿ ಇಲ್ಲಿಗೂ ಹಬ್ಬಿತಲ್ಲ ಎಂದು ತಲೆ ತಗ್ಗಿಸಿದ್ದೆ. ತಗ್ಗಿಸಿದ ತಲೆಯೊಳಗೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ. ಜಗತ್ತಿನ ಸಕಲ ಐತಿಹ್ಯಗಳನ್ನೂ ಕೆದಕಿದವನು ಇದೊಂದನ್ನು ಮಾತ್ರ ಮುಟ್ಟಿ ನೋಡಿರಲಿಲ್ಲ. ಅದರ ಮೇಲೆ, ಹಾಡಿಗೆ ನೂರು ವರ್ಷವೆಂದ ವಿಮರ್ಶಕರ ಲೆಕ್ಕ ಸರಿಯಾಗಿಯೇ ಇತ್ತು. ಕನ್ನಡಕದ ಪುರಾವೆಯೊಂದೇ ತಪ್ಪು, ಅಷ್ಟೆ.

ಮರಳುವಾಗ ಬಸ್ಸಿನಲ್ಲಿ ಸರೋಜ ಪತ್ರವನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿದಳು. ಚಿಕ್ಕಪ್ಪನ ಭಾಗಕ್ಕೆ ಬಂದಾಗ ನಿಂತಳು. ಒಬ್ಬಟ್ಟು ಬಿಚ್ಚಿದ್ದು ತನ್ನ ತವರಿನವರ ಮೇಲಿನ ಅನುಮಾನದಿಂದ ಎಂದೇ ಇಷ್ಟು ಕಾಲ ತಿಳಿದಿದ್ದಳಂತೆ. ಅಲ್ಲ, ಚಿಕ್ಕಪ್ಪನ ಮೇಲಿನ ಅನುಮಾನದಿಂದ ಎಂದು ನಾನು ಬಹಳ ಕಳಕಳಿಯಿಂದ ವಿವರಿಸಿದೆ.

“ಚಿಕ್ಕಪ್ಪ ಈಗಿಲ್ಲ. ಒಬ್ಬಟ್ಟು ಅವತ್ತೇ ನಿಮ್ ಹೊಟ್ಟೆ ಸೇರ್ತು. ನಿಮ್ ಬಾಯಿಮಾತು ಬಿಟ್ರೆ ಇದಕ್ಕೆ ಆಧಾರ ಏನಿದೆ ರೀ?” ಎಂದಳು. “ಅದಕ್ಕಿಂತ ಪೇಪರ್‌ನೋರು ಬರ್ದಿದ್ದೇ ವಾಸಿ. ಕಂದಾಯದ ದೊಡ್ಡ ಅಧಿಕಾರಿ. ನಮ್ಮಪ್ಪಾನೂ ಅಂಥ ಅಳಿಯಾನೇ ಹುಡುಕ್ತಿದ್ರು, ಪಾಪ.”

ಪತ್ರವನ್ನು ಇನ್ನೂ ಅಂಚೆಗೆ ಹಾಕಿಲ್ಲ. ಕನ್ನಡಕವೊಂದರ ಮಟ್ಟಿಗಾದರೂ ತಿದ್ದುಪಡಿ ಕಳುಹಿಸಬಹುದೆಂದು ಆಗಾಗ ತೆಗೆಯುತ್ತೇನೆ. ಅಷ್ಟರಲ್ಲಿ ಒಳಗಿನಿಂದ ಸರೋಜ, ಸಾಹೇಬರು ಊಟಕ್ಕೆ ದಯಮಾಡಿಸಬೇಕು ಎಂದು ಕೂಗುತ್ತಾಳೆ. ಅದು ಶುದ್ಧ ತಪ್ಪು ಮಾಹಿತಿಯೆಂದು ಚೆನ್ನಾಗಿ ಬಲ್ಲೆ. ಆದರೂ ಪತ್ರವನ್ನು ಮಡಚಿಟ್ಟು, ಪ್ರತಿ ಸಲವೂ ಎದ್ದು ಹೋಗುತ್ತಿದ್ದೇನೆ.