ನನ್ನ ಕಿರುಚಿತ್ರ ಮತ್ತು ಟಗರಿನ ಹಿಂಭಾಗ

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಓದಿ ನಗುವವರು ಧಾರಾಳವಾಗಿ ನಗಲಿ. ನನ್ನೆದುರು ಮಾತ್ರ ಬೇಡ!

ಮಂಡ್ಯದಲ್ಲಿ ಪತ್ರಿಕೋದ್ಯಮ ಓದುವ ನಾವು ಕೊನೆಯ ಸೆಮಿಸ್ಟರಿನಲ್ಲಿ ಒಂದು ಕಿರುಚಿತ್ರ ಮಾಡಬೇಕು. ಪೋಸ್ಟರು, ಪ್ರಚಾರ ಎಲ್ಲವೂ ನಮ್ಮದೇ. ಹೊರಗಿನಿಂದ ಪರೀಕ್ಷಕರು ಬಂದು ನೋಡಿ ಅಂಕ ಕೊಡುತ್ತಾರೆ. ಅದರಲ್ಲಿ ಫೇಲಾದರೆ ಡಿಗ್ರಿಯೇ ಇಲ್ಲ. ನನಗಾದರೋ ಫೇಲಿನ ಯೋಚನೆಯೇ ಇರಲಿಲ್ಲ. ಪ್ರಶಸ್ತಿ ಬಂದಾಗ ವೇದಿಕೆಯ ಮೇಲೆ ಏನು ಮಾತಾಡಬೇಕು ಎಂಬುದೊಂದೇ ಚಿಂತೆ.

ಕಥೆ, ಚಿತ್ರಕಥೆ, ನಿರ್ದೇಶನ ನನ್ನವು. ನಾಯಕಿಯೂ ನಾನೇ. ಅಷ್ಟು ಆಳವಾದ ಪಾತ್ರ ಬೇರೆ ಯಾರ ಕೈಯಲ್ಲೂ ಆಗುವುದಿಲ್ಲವೆಂದು ನಾನೇ ತೀರ್ಮಾನಿಸಿದ್ದೆ. ಒಬ್ಬ ಒಂಟಿ ಹುಡುಗಿ, ಅವಳಿಗೊಂದು ಟಗರು. ಟಗರು ಕಳೆದುಹೋಗುತ್ತದೆ, ಕೊನೆಗೆ ತಾನಾಗಿಯೇ ಬಂದು ಅವಳ ಮಡಿಲಲ್ಲಿ ತಲೆ ಇಡುತ್ತದೆ. ಹೆಸರು ‘ಏಕಾಂತದ ಕೊಟ್ಟಿಗೆ’. ಕ್ಯಾಮೆರಾ ಹಿಡಿದವನು ನನ್ನ ಸಹಪಾಠಿ ಪ್ರದೀಪ. ಟಗರು ಬಂಡೂರಿನಲ್ಲಿರುವ ನನ್ನ ಸೋದರಮಾವನದು.

ಆ ಟಗರು ನಿಜಕ್ಕೂ ಬಂಗಾರ. ಕರೆದರೆ ಬರುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಪ್ರದೀಪನಿಗಿಂತ ಎಷ್ಟೋ ವಾಸಿ. ಮಡಿಲ ದೃಶ್ಯವೊಂದನ್ನು ಬಿಟ್ಟು ಎಲ್ಲವೂ ಮುಗಿಯಿತು. “ಅದನ್ನು ನಿಧಾನವಾಗಿ ತೆಗೆಯೋಣ, ಮೊದಲು ಪ್ರಚಾರ ಆಗಲಿ” ಎಂದೆ. ಎಂಥ ಬುದ್ಧಿವಂತೆ ನಾನು!

ಪೋಸ್ಟರಿಗೆ ನನ್ನ ಮುಖ ಹಾಕೋಣ ಎಂದ ಪ್ರದೀಪ. ನನಗೆ ರೇಗಿತು. “ಮುಖ ಹಾಕೋದು ಹುಟ್ಟುಹಬ್ಬದ ಫ್ಲೆಕ್ಸಿಗೆ ಕಣೋ! ಇದು ಕಲೆ. ಸಮಾಜ ಹೇಗೆ ಬೆನ್ನು ತಿರುಗಿಸುತ್ತೆ ಅನ್ನೋದನ್ನ ಈ ಟಗರಿನ ಹಿಂಭಾಗವೇ ಹೇಳಬೇಕು.” ಸಂಜೆ ಬಿಸಿಲಿನಲ್ಲಿ ನಡೆದುಹೋಗುತ್ತಿರುವ ಟಗರು, ಹಿಂದಿನಿಂದ, ಆಳೆತ್ತರ. ಮೂಲೆಯಲ್ಲಿ ಚಿತ್ರದ ಹೆಸರು, ಇರುವೆ ಸಾಲಿನಷ್ಟು ತೆಳ್ಳಗೆ. ಮದ್ದೂರಿನ ಫ್ಲೆಕ್ಸ್ ಅಂಗಡಿಯವನು ಅದನ್ನು ನೋಡಿ ಕಣ್ಣು ಕಿರಿದು ಮಾಡಿದ.

“ಮೇಡಂ, ಒಂದಾದ್ರೂ ಮುಖ ಬ್ಯಾಡ್ವಾ? ಬರೀ ಇಂದ್ಗಡೇನಾ?”

“ನಿಮಗೆ ಅರ್ಥ ಆಗಲ್ಲ, ಹಾಗೇ ಮಾಡಿ” ಎಂದೆ.

ವಿಚಾರಣೆಗೆ ಒಂದು ಫೋನ್ ನಂಬರು ಬೇಕಿತ್ತು. ನನ್ನದು ಕೊಡೋಣವೆಂದರೆ ಅಮ್ಮ ಕೂಗಾಡಿದಳು: “ಎಣ್ಮಗು ನಂಬರ್ನ ಬೀದೀಲಿ ನೇತಾಕ್ತೀಯಾ? ನಿಮ್ಮಾವನ್ದು ಆಕು!” ಸರಿ, ಮಾವನ ನಂಬರು ಹಾಕಿಸಿದೆ. ಅದು ಮಾತ್ರ ದಪ್ಪ ಅಕ್ಷರದಲ್ಲಿ ಬಂತು. ಮದ್ದೂರು, ಮಳವಳ್ಳಿ, ಹಲಗೂರು ಬಸ್ ಸ್ಟ್ಯಾಂಡಿನಲ್ಲಿ ಒಂದೊಂದು ಫ್ಲೆಕ್ಸ್ ಕಟ್ಟಿ, ಕೈ ಕೊಡವಿಕೊಂಡು ಮನೆಗೆ ಬಂದೆವು.

ಎರಡು ದಿನ ಬಿಟ್ಟು ಮಾವನಿಗೆ ಫೋನ್ ಮಾಡಿದೆ. “ಮಾವ, ಸಿನಿಮಾ ಬಗ್ಗೆ ಯಾರಾದರೂ ಕೇಳಿದರಾ?”

“ಕೇಳಿದ್ರಾ? ಅಯ್ಯೋ, ಮುದ್ದೆ ಮುರಿಯಾಕೂ ಬುಡ್ತಿಲ್ಲ ಕಣಮ್ಮಿ! ಒಬ್ಬ ಬೀಗ್ರೂಟಕ್ಕೆ ಬೇಕು ಅಂತಾನೆ, ಇನ್ನೊಬ್ಬ ಕುರಿ ಮಂದೆಗೆ ಬುಡಕ್ಕೆ ಬೇಕು ಅಂತಾನೆ.”

“ಏನು ಬೇಕಂತೆ?”

“ಇನ್ನೇನು, ಟಗರು! ಬಂಡೂರು ಟಗರ್ನ ಜನ ಮೊದ್ಲು ನೋಡೋದೇ ಇಂದ್ಗಡೆಯಿಂದ. ಬೆನ್ನು ಏಟು ಅಗ್ಲ, ತೊಡೆ ಏಟು ತುಂಬೈತೆ ಅಂತ. ನೀನು ಅದ್ನೇ ಆಳೆತ್ತರಕ್ಕೆ ಬರ್ಸಿ ಬಸ್ ಸ್ಟ್ಯಾಂಡಲ್ಲಿ ಕಟ್ಟಿದೀಯ. ‘ಮುಚ್ಚುಮರೆ ಇಲ್ದಂಗೆ ತೋರ್ಸವ್ರೆ, ನಿಯತ್ತಿನ್ ಜನ’ ಅಂತಾವ್ರೆ ಎಲ್ರೂವೆ!”

“ಮಾವ, ಟಗರು ಎಲ್ಲಿದೆ?”

“ನೆನ್ನೆ ಸಂದೆಗೇ ಗೂಡ್ಸ್ ಆಟೋ ಅತ್ಸಿ ಕಳ್ಸ್‌ಬುಟ್ಟೆ ಕಣಮ್ಮಿ. ಮಂದೆಗೆ ತಗಂಡೋದ್ರು, ತಿನ್ನಕ್ಕಲ್ಲ. ಒಳ್ಳೆ ಜನ.”

“ಮಾವ! ನನ್ನ ಕೊನೇ ಸೀನು!”

“ಅದ್ಯಾಕಂಗೆ ಕಿರುಚ್ತೀಯ? ಅದ್ರ ತಮ್ಮ ಅವ್ನೆ. ಮುಖ ಒಂದೇ.”

ನಾನು ಆ ಫೋನನ್ನು ಎಸೆಯಬೇಕಿತ್ತು. ಅದು ಅಪ್ಪ ಕೊಡಿಸಿದ ಫೋನಾದ್ದರಿಂದ ಎಸೆಯಲಿಲ್ಲ.

ಮುಖ ಒಂದೇ ಇರಬಹುದು, ಬುದ್ಧಿ ಬೇರೆ. ಆ ತಮ್ಮನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಕಣ್ಣೀರು ತುಂಬಿಕೊಂಡು “ಬಂದೆಯಾ ಕಂದಾ” ಎಂದು ಕೈ ಚಾಚಿದರೆ, ಅದು ಓಡಿಬಂದು ಹೊಟ್ಟೆಗೇ ಗುಮ್ಮಿತು. ತಿಪ್ಪೆಯ ಮೇಲೆ ಬಿದ್ದೆ. ಮತ್ತೆ ಕೈ ಚಾಚಿದೆ. ಮತ್ತೆ ತಿಪ್ಪೆ! ಪ್ರದೀಪನಿಗೆ ನಗು ತಡೆಯಲಾಗದೆ ಕ್ಯಾಮೆರಾ ಕುಣಿಯುತ್ತಿತ್ತು. ಅವನಿಗೆ ಬೈದ ಬೈಗುಳ ಇಲ್ಲಿ ಬರೆದರೆ ಅಚ್ಚಾಗುವುದಿಲ್ಲ. ಕೊನೆಗೆ ಮಾವ ನನ್ನ ಮಡಿಲಿಗೆ ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಸುರಿದ. ಟಗರು ಬಂದು ತಲೆ ಇಟ್ಟಿತು. ನಾನು ಅತ್ತೆ. ಅದು ಅಭಿನಯವಲ್ಲ, ಹೊಟ್ಟೆನೋವು.

ಪ್ರದರ್ಶನದ ದಿನ ಕಾಲೇಜಿನ ಹಾಲಿಗೆ ಬಂದು ನೋಡಿದರೆ ಕೂರಲು ಜಾಗವಿಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಯಜಮಾನರೇ ತುಂಬಿದ್ದಾರೆ! ಮಾವ ಬೀಗುತ್ತಾ ಹೇಳಿದ: “ಟಗರು ಸಿಗದೆ ಬೇಜಾರ್ ಮಾಡ್ಕಂಡಿದ್ರು. ಸಿನಿಮಾದಲ್ಲಾದ್ರೂ ನೋಡೀರಂತೆ ಬನ್ನಿ ಅಂತ ಕರ್ದೆ.”

ಚಿತ್ರ ಶುರುವಾಯಿತು. ನನ್ನ ಹೆಸರು ಬಂದಾಗ ಯಾರಿಗೂ ಓದಲಾಗಲಿಲ್ಲ, ಅಕ್ಷರ ಅಷ್ಟು ಕಲಾತ್ಮಕವಾಗಿತ್ತು. ಟಗರು ಬಂದಾಗೆಲ್ಲ ಹಾಲು ಗಪ್‌ಚುಪ್. ನಾನು ಬಂದಾಗೆಲ್ಲ ಕೆಮ್ಮು, ಎಲೆಅಡಿಕೆ, ಮಾತು. ನನಗೆ ಮೈಯೆಲ್ಲ ಉರಿಯಿತು.

ಮುಗಿದು ಲೈಟು ಹಾಕಿದ್ದೇ ತಡ, ಒಬ್ಬ ಯಜಮಾನರು ಎದ್ದು ನಿಂತರು. “ಸ್ವಾಮಿ, ಇದು ಮೋಸ. ಕೊನೇಲಿ ಬಂದಿದ್ದು ಬ್ಯಾರೆ ಟಗರು!”

“ಊ ಕಣ್ಲಾ, ಅದ್ರ ಬೆನ್ನೆಲ್ಲಿ, ಇದ್ರ ಬೆನ್ನೆಲ್ಲಿ!” ಎಂದು ಹಾಲೇ ದನಿಗೂಡಿಸಿತು.

ಪರೀಕ್ಷಕರು ಆವರೆಗೂ ಮೊಬೈಲು ನೋಡುತ್ತಿದ್ದರು. ಈಗ ತಲೆಯೆತ್ತಿ, “ಹೌದೇನಮ್ಮಾ?” ಎಂದರು.

ಡಿಗ್ರಿ ಕಣ್ಣೆದುರೇ ಜಾರುತ್ತಿತ್ತು. ನಾನು ಗಂಭೀರವಾಗಿ, “ಅದೇ ಟಗರು ಸರ್. ಅಗಲಿಕೆಯ ದುಃಖದಿಂದ ಸೊರಗಿದೆ” ಎಂದೆ.

“ದುಕ್ಕಕ್ಕೆ ಕಾಲು ಉದ್ದ ಬೆಳೀತವಾ ತಾಯಿ?” ಎಂದರು ಯಜಮಾನರು. ಸಭೆಯೇ ಬಿದ್ದು ಬಿದ್ದು ನಕ್ಕಿತು. ಅವರು ನಗಲಿಲ್ಲ. “ಓಗ್ಲಿ ಬುಡಿ, ಟಗರ್ನ ಬದ್ಲಾಯ್ಸೀರಿ. ಅದ್ಕೆ ಅಡ್ಡಡ್ಡ ಬತ್ತಿದ್ಲಲ್ಲ ಒಬ್ಳು, ಅವ್ಳನ್ಯಾಕೆ ಬದ್ಲಾಯಿಸ್ನಿಲ್ಲ?”

ಚಿತ್ರದಲ್ಲಿ ಕೂದಲು ಕೆದರಿ, ಮುಖಕ್ಕೆ ಮಸಿ ಬಳಿದುಕೊಂಡಿದ್ದವಳು ಈಗ ಕನ್ನಡಕ ಹಾಕಿ ಎದುರಿಗೇ ನಿಂತಿದ್ದೇನೆಂದು ಅವರಿಗೆ ಗೊತ್ತಾಗಿರಲಿಲ್ಲ. ಪಕ್ಕದಲ್ಲಿ ಪ್ರದೀಪ ಕರ್ಚೀಫನ್ನು ಬಾಯಿಗೆ ತುರುಕಿಕೊಂಡಿದ್ದ. ಪರೀಕ್ಷಕರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಪೆನ್ನು ತೆಗೆದರು.

“ವಿದ್ಯಾರ್ಥಿಗಳ ಚಿತ್ರಕ್ಕೆ ಇಷ್ಟು ಜನ ಬಂದಿದ್ದನ್ನು ನಾನು ನೋಡಿಯೇ ಇಲ್ಲ. ಪ್ರಚಾರಕ್ಕೆ ಪೂರ್ತಿ ಅಂಕ. ಪಾಸು, ಹೋಗಿ. ಅಂದಹಾಗೆ, ನಾಯಕಿ ಪಾತ್ರ ಮಾಡಿದ ಆ ಹುಡುಗಿ ಬಂದಿದ್ದಾಳಾ?”

ಇಡೀ ಹಾಲು ಅತ್ತಿತ್ತ ಕತ್ತು ಹೊರಳಿಸಿ ಹುಡುಕತೊಡಗಿತು.

“ಇಲ್ಲ ಸರ್” ಎಂದೆ. “ಆ ಹುಡುಗಿಗೆ ಹುಷಾರಿಲ್ಲ.”