ದೇವರಿಲ್ಲದ ಊರಿಗೆ ಹೊರಟದ್ದು

ನಮ್ಮ ಮನೆಯವರು ಊರು ಬಿಟ್ಟು ಹೊರಟರೆಂದರೆ ಏನಾದರೊಂದು ಫಜೀತಿ ಆಗಲೇಬೇಕು. ಅದೂ ಹೋದ ಮೇಲಲ್ಲ, ಹೊಸ್ತಿಲು ದಾಟುವ ಮೊದಲೇ. ಎಪ್ಪತ್ತರ ದಶಕದಲ್ಲಿ ಒಂದು ತೋಟ ನೋಡಲು ಹೊರಟಾಗ ಆದದ್ದಂತೂ ಇವತ್ತಿಗೂ ನೆನಪಾದರೆ ಒಬ್ಬಳೇ ನಗುತ್ತೇನೆ.

ಆಗ ನಾನು ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು. ಶಿಕ್ಷಕಿಯನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಯಜಮಾನರು ಸೊಸೈಟಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಪ್ರವಾಸವೆಂದರೆ ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗುವುದು. ನನ್ನ ಪಾಲಿಗೆ ಅದು ಮೂರು ಕಲ್ಲು ಹೂಡಿ, ಹೊಗೆಗೆ ಕಣ್ಣೀರು ಸುರಿಸುತ್ತ, ಬಂದ ಬಳಗಕ್ಕೆಲ್ಲ ರೊಟ್ಟಿ ಬಡಿದು ಬರುವುದು. ಒಂದೇ ಒಂದು ದಿನ ಒಲೆಯ ಮುಂದೆ ಕೂಡದೆ, ಎಲ್ಲಾದರೂ ಹುಲ್ಲಿನ ಮೇಲೆ ಕೂತು, ಬೇರೆ ಯಾರೋ ಮಾಡಿದ ಚಹಾ ಕುಡಿಯಬೇಕೆಂದು ನನಗೆ ಮಹಾ ಆಸೆ. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಗದ್ದಲವಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಅಲ್ಲಿ ಯಾರದಾರ?

ಯಜಮಾನರು ಸೊಸೈಟಿಯ ಕೆಲಸಕ್ಕೆ ಹೊಸಪೇಟೆಗೆ ಹೋದವರು ಅಲ್ಲಿನ ಡ್ಯಾಮಿನ ತೋಟದ ಒಂದು ಬಣ್ಣದ ಚಿತ್ರ ತಂದರು. ಹಸಿರು ಹುಲ್ಲು, ಕೆಂಪು ನೀಲಿ ಬೆಳಕಿನ ಕಾರಂಜಿ, ಒಂದು ಬೆಂಚಿನ ಮೇಲೆ ಕಾಲು ಚಾಚಿ ಕೂತ ಹೆಂಗಸು. ಮಕ್ಕಳು ಕಾರಂಜಿ ನೋಡಿ ಕುಣಿದರು. ನಾನು ಆ ಹೆಂಗಸನ್ನು ನೋಡಿದೆ. ಅವಳ ಕೈಯಲ್ಲಿ ಲಟ್ಟಣಿಗೆಯಿಲ್ಲ, ಕೂಸಿಲ್ಲ, ಏನೂ ಇಲ್ಲ.

"ಈ ಸಲ ಇಲ್ಲಿಗೇ ಹೋಗೋಣ" ಎಂದೆ.

ಅತ್ತೆ ಚಿತ್ರವನ್ನು ತಿರುಗಿಸಿ ಹಿಂದೆ ನೋಡಿದರು, ಮುಂದೆ ನೋಡಿದರು. "ಇಲ್ಲಿ ಯಾವ ದೇವರದಾನ?"

"ದೇವರಿಲ್ಲವ್ವಾ. ಬರೇ ತೋಟ" ಎಂದರು ಯಜಮಾನರು.

"ಸ್ವಾಮಿಗೋಳು?"

"ಇಲ್ಲ."

"ಬೀಗರು?"

"ಇಲ್ಲವ್ವಾ."

"ಮತ್ತ ಯಾರ್ದರ ಲಗ್ನೇನು?"

"ಯಾರ್ದೂ ಇಲ್ಲ. ಸುಮ್ನ ಹೋಗೂದು, ಸುಮ್ನ ಕೂಡೂದು, ಸುಮ್ನ ಬರೂದು."

ಅತ್ತೆ ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಸುಮ್ನ ಕೂಡಾಕ ಅಷ್ಟು ದೂರ ಯಾಕ ಹೋಗಬೇಕೋ ತಮ್ಮಾ? ನೀ ಇಲ್ಲೇ ಮೂವತ್ತೆಂಟು ವರ್ಷದಿಂದ ಸುಮ್ನ ಕೂತೀಯಲ್ಲ!"

ರಜೆಯ ಅರ್ಜಿ

ಆದರೂ ಅತ್ತೆ ಬರುತ್ತೇನೆಂದರು. ದೇವರಿಲ್ಲದ ಊರಿಗೆ ಮಗನನ್ನು ಸೊಸೆಯ ಕೈಯಲ್ಲಿ ಕಳಿಸಲು ಅವರಿಗೆ ಧೈರ್ಯವಿರಲಿಲ್ಲ. ಇನ್ನು ರಜೆಯ ಮಾತು. ಹೆಡ್‌ಮಾಸ್ತರರು ನನ್ನ ಅರ್ಜಿ ಓದಿ ಕನ್ನಡಕ ತೆಗೆದರು.

"ಅಕ್ಕೋರ, ದೇವರ ಕಾರ್ಯ ಅಂದ್ರ ರಜಾ ಕೊಡಬಹುದು. ಲಗ್ನ ಅಂದ್ರ ಕೊಡಬಹುದು. ಯಾರರ ಸತ್ತಾರ ಅಂದ್ರ ಕೇಳದನ ಕೊಡಬಹುದು. ತೋಟ ನೋಡಾಕ ಅಂತ ಬರದ್ರ ಮ್ಯಾಲಿನ ಸಾಹೇಬ್ರು ನನಗ ತೋಟ ತೋರಸ್ತಾರ."

"ನಾ ಸುಳ್ಳು ಬರಿಯೂದಿಲ್ರಿ ಸರ್."

"ಸುಳ್ಳು ಯಾಕ್ರಿ? ಹವಾ ಬದಲಾವಣೆಗಾಗಿ ಅಂತ ಬರೀರಿ. ಅಲ್ಲಿ ಹವಾ ಬ್ಯಾರೆ ಇರೂದಿಲ್ಲೇನು?"

ಮಾತು ಸರಿ ಅನಿಸಿತು. ಬರೆದೆ. ಗುರುವಾರದಿಂದ ಶನಿವಾರದವರೆಗೆ ರಜೆ ಸಿಕ್ಕಿತು.

ಆ ಕಾಲದಲ್ಲಿ ಡಾಕ್ಟರು ಹವಾ ಬದಲಾವಣೆಗೆ ಕಳಿಸುತ್ತಿದ್ದುದು ಕ್ಷಯದವರನ್ನು. ಅರ್ಜಿ ಒಯ್ದ ಜವಾನ ಓದು ಬಲ್ಲವನು. ಮರುದಿನ ಹಾಲಿನವಳು ತನ್ನ ಚರಿಗೆ ನನ್ನ ಪಾತ್ರೆಗೆ ತಾಗದಂತೆ ಮೊಳದುದ್ದ ಮೇಲಿನಿಂದ ಹಾಲು ಹೊಯ್ದಳು. ಇಂಡಿ ಊರಿನ ಕಡೆಯ ಇನ್ನೊಬ್ಬ ಅಕ್ಕೋರು ತಮ್ಮ ತೋಟದ ನಿಂಬೆಹಣ್ಣು ಒಂದು ಚೀಲ ತಂದು ಬಾಗಿಲಲ್ಲೇ ಇಟ್ಟರು. "ಧೈರ್ಯ ಬಿಡಬ್ಯಾಡ್ರಿ" ಎನ್ನುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಓಣಿ ದಾಟಿದರು. ಸುದ್ದಿ ಮುದ್ದೇಬಿಹಾಳದ ನನ್ನ ತವರಿಗೂ ಮುಟ್ಟಿತು. ಅಣ್ಣ ಸಿಕ್ಕ ಬಸ್ಸು ಹತ್ತಿ, ತುಪ್ಪದ ಡಬ್ಬಿ ಎದೆಗವಚಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದ. ನಾನು ಕಟ್ಟೆಯ ಮೇಲೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆ.

"ಏನಾಗೇತಿ ತಂಗೀ ನಿನಗ?"

"ಏನೂ ಆಗಿಲ್ಲಣ್ಣಾ. ತೋಟ ನೋಡಾಕ ಹೊಂಟೇನಿ."

ಅಣ್ಣ ನನ್ನನ್ನು ನೋಡಿದ, ಡಬ್ಬಿ ನೋಡಿದ, ಡಬ್ಬಿ ತಂದದ್ದನ್ನು ಕಣ್ಣರಳಿಸಿ ನೋಡುತ್ತಿದ್ದ ಓಣಿಯ ಹೆಂಗಸರನ್ನು ನೋಡಿದ.

"ಎಲ್ಲಾರ ಮುಂದ ತುಪ್ಪ ಹೊತ್ಕೊಂಡ ಬಂದೇನಿ. ನನ್ನ ಮರ್ಯಾದಿಗಾದ್ರೂ ಒಂದೀಟು ಕೆಮ್ಮು!"

ಹಂಚಿನ ಯುದ್ಧ

ಸಾಮಾನು ಕಟ್ಟುವಾಗ ನಿಜವಾದ ಜಗಳ ಶುರುವಾಯಿತು. ಅತ್ತೆ ಮನೆದೇವರಿಗೆ ಹೊರಟಂತೆಯೇ ಹೊರಟಿದ್ದರು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಕಟ್ಟಿಗೆ, ಎಲ್ಲದರ ಮೇಲೆ ಕರ್ರಗೆ ಕೂತ ರೊಟ್ಟಿ ಹಂಚು.

"ಅತ್ತ್ಯಾರ, ಅಲ್ಲಿ ಹೋಟೆಲ್ ಐತಿ."

"ಹೋಟೆಲ್ನ್ಯಾಗ ರೊಟ್ಟಿ ಯಾರು ಬಡಿತಾರ?"

"ಯಾರೋ ಬಡಿತಾರ್ರಿ."

"ಆ ಯಾರೋ ಕೈ ತೊಳಕೊಂಡಿರ್ತಾರೇನು?"

ನನಗೆ ಸಿಟ್ಟು ನೆತ್ತಿಗೇರಿತು. ಹಂಚು ಬಂದರೆ ನಾನು ಬರುವುದಿಲ್ಲ ಎಂದುಬಿಟ್ಟೆ. ಹಂಚು ಬರದಿದ್ದರೆ ನಾನು ಬರುವುದಿಲ್ಲ ಎಂದರು ಅತ್ತೆ. ನಾನು ಹಂಚನ್ನು ಚೀಲದಿಂದ ತೆಗೆದಿಟ್ಟೆ. ಮಧ್ಯಾಹ್ನ ಸಾಲೆಯಿಂದ ಬಂದು ನೋಡಿದರೆ ಹಂಚು ಚೀಲದಲ್ಲಿ. ಅಟ್ಟಕ್ಕೆ ಎಸೆದೆ. ಸಂಜೆ ನೋಡಿದರೆ ಮತ್ತೆ ಚೀಲದಲ್ಲಿ. ಅತ್ತೆಗೆ ಮೊಣಕಾಲು ನೋವು, ಏಣಿ ಹತ್ತುವವರಲ್ಲ.

"ಇದನ್ನ ಯಾರ ಇಟ್ರು?" ಎಂದು ಗದರಿದೆ.

ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರು: "ನಾನ. ಅವ್ವ ಇಡು ಅಂದ್ರ ಇಡ್ತೇನಿ, ನೀ ತಗಿ ಅಂದ್ರ ತಗೀತೇನಿ. ನೀವು ಇಬ್ಬರೂ ಮುಂದಿನದು ಹೇಳಿಬಿಡ್ರಿ, ನಾ ಏಣಿ ಇಳಿಯೂದ ಬಿಟ್ಟು ಅಲ್ಲೇ ಕೂಡ್ತೇನಿ."

ಪ್ರಸ್ಥಾನ

ಮಂಗಳವಾರ ಅತ್ತೆ ತಾವಾಗಿಯೇ ಸೋತರು. "ಆತವ್ವಾ, ಚೀಲದಾಗ ಹಂಚು ಇಡೂದಿಲ್ಲ" ಎಂದರು. ನಾನು ಹಿಗ್ಗಿದೆ. ಅತ್ತೆ ಅಷ್ಟು ಸುಲಭಕ್ಕೆ ಸೋಲುವವರಲ್ಲ ಎಂಬುದು ಹನ್ನೆರಡು ವರ್ಷವಾದರೂ ನನ್ನ ತಲೆಗೆ ಹೋಗಿರಲಿಲ್ಲ.

ಗುರುವಾರ ದಕ್ಷಿಣಕ್ಕೆ ಹೊರಡಬಾರದು, ಶೂಲ ಇದೆ ಎಂದರು ಪಂಚಾಂಗ ನೋಡುವ ಆಚಾರರು. ಹೊಸಪೇಟೆ ಇರುವುದು ದಕ್ಷಿಣಕ್ಕೇ. ಇದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ಒಳ್ಳೆಯ ದಿನ ನೋಡಿ, ಪ್ರಯಾಣಕ್ಕೆ ಬೇಕಾದ ಒಂದಿಷ್ಟು ಸಾಮಾನು ಗಂಟು ಕಟ್ಟಿ, ಹೋಗಬೇಕಾದ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಗಂಟು ಹೋಯಿತೆಂದರೆ ನೀವು ಹೊರಟಂತೆಯೇ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ, ಆದರೆ ಆ ಗಂಟು ಬಿಟ್ಟು ಹೋಗುವಂತಿಲ್ಲ.

ನಮ್ಮ ದಕ್ಷಿಣಕ್ಕೆ ಇದ್ದದ್ದು ಎಣ್ಣೆ ವ್ಯಾಪಾರದ ಚಾಚಾ ಅವರ ಮನೆ. ಬುಧವಾರ ಮುಂಜಾನೆ ಅತ್ತೆ ತಾವೇ ಗಂಟು ಕಟ್ಟಿ ಅಲ್ಲಿಟ್ಟು ಬಂದರು. ಅದೇ ದಿನ ಮಧ್ಯಾಹ್ನ ಸಿಂದಗಿಯಲ್ಲಿದ್ದ ಚಾಚಾನ ಮಗಳು ಹಡೆದಳೆಂದು ಸುದ್ದಿ ಬಂತು. ಗಂಡಹೆಂಡತಿ ಇಬ್ಬರೂ ಕೀಲಿ ಜಡಿದು ಬಸ್ಸು ಹತ್ತಿದರು. ನಮ್ಮ ಪ್ರಸ್ಥಾನ ಒಳಗೇ ಉಳಿಯಿತು.

ಗುರುವಾರ ಯಜಮಾನರು ಕೀಲಿಕೈ ತರಲು ಸಿಂದಗಿಗೆ ಹೋದರು. ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ ಹೋದರೆಂದು ಅತ್ತೆ ಇಡೀ ದಿನ ಗೊಣಗಿದರು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಇದ್ದದ್ದೇ ಮೂರು ದಿನದ ರಜೆ, ಒಂದು ದಿನ ಸಿಂದಗಿಗೆ ಹೋಯಿತು. ಸಂಜೆ ಯಜಮಾನರು ನಗುನಗುತ್ತ ಬಂದರು. ಕೂಸು ನೋಡಲೆಂದೇ ಬಂದಿದ್ದಾರೆಂದು ಅಲ್ಲಿ ಎರಡು ಸಲ ಉಣಿಸಿದ್ದರು. ಕೂಸಿನ ಬಣ್ಣ, ಕೂಸಿನ ಮೂಗು ಎಲ್ಲ ವರ್ಣಿಸಿದರು.

"ಕೀಲಿಕೈ?" ಎಂದೆ.

ಯಜಮಾನರು ಎರಡೂ ಜೇಬು ತಡವಿಕೊಂಡರು. ಕೇಳುವುದನ್ನೇ ಮರೆತು ಬಂದಿದ್ದರು. ನಾನು ಅವತ್ತು ಆಡಿದ ಮಾತುಗಳನ್ನು ಸಾಲೆಯ ಅಕ್ಕೋರು ಆಡಬಾರದು. ಆಡಿದೆ.

ಪುಣ್ಯಕ್ಕೆ, ಇವರು ಬಂದದ್ದೇಕೆಂದು ಚಾಚಾಗೆ ಆಮೇಲೆ ಹೊಳೆದು, ಶುಕ್ರವಾರ ಮೊದಲ ಬಸ್ಸಿಗೆ ತಾವೇ ಓಡಿ ಬಂದರು. "ನಿಮ್ಮ ಗಂಟಿನ್ಯಾಗ ಬಂಗಾರ ಐತೋ, ಕಾಗದಪತ್ರ ಅದಾವೋ ಅಂತ ನನಗ ನಿದ್ದಿ ಇಲ್ಲ ಅಕ್ಕೋರ" ಎಂದು ಕೀಲಿ ತೆಗೆದು ಗಂಟನ್ನು ಎತ್ತಿದರು. ಭಾರಕ್ಕೆ ಗಂಟು ಬಿಚ್ಚಿತು. ಅತ್ತೆಯ ಒಂದು ಸೀರೆ, ಅರಿಶಿನದ ಕೊಂಬು, ಅಡಿಕೆ. ಕೊನೆಗೆ ಠಣ್ಣೆಂದು ಹಂಚು.

"ಅತ್ತ್ಯಾರ!" ಎಂದು ಕೂಗಿದೆ.

"ಚೀಲದಾಗ ಇಡೂದಿಲ್ಲ ಅಂದಿದ್ನಿ, ಇಟ್ಟಿಲ್ಲ" ಎಂದರು ಅತ್ತೆ, ದೇವರಂಥ ಮುಖ ಮಾಡಿಕೊಂಡು. "ಪ್ರಸ್ಥಾನಕ್ಕ ಇಟ್ಟಿದ್ದನ್ನ ಬಿಟ್ಟು ಹ್ವಾದ್ರ ಕೇಡು. ಬೇಕಾದ್ರ ಆಚಾರ್ರನ್ನ ಕೇಳು."

ಚಾಚಾ ಹಂಚನ್ನು ಕೈಗೆತ್ತಿಕೊಂಡು ಎರಡೂ ಬದಿ ನೋಡಿದರು. "ಯಾ ಅಲ್ಲಾ! ಇದರ ಸಲುವಾಗಿ ಬಾಣಂತಿ ಮನಿ ಬಿಟ್ಟು ಓಡಿ ಬಂದ್ನಿ. ಮೊಮ್ಮಗನ ಮಾರಿಗಿಂತ ನಿಮ್ಮ ಹಂಚಿನ ಮಾರೀನ ಹೆಚ್ಚು ನೋಡಿದಂಗಾತು!"

ಹುಲ್ಲಿನ ಮೇಲೆ

ಅಂತೂ ಶುಕ್ರವಾರ ಮಧ್ಯಾಹ್ನ ಬಾಗೇವಾಡಿ ರೋಡಿನಲ್ಲಿ ರೈಲು ಹತ್ತಿದೆವು. ಗದಗಿನಲ್ಲಿ ಗಾಡಿ ಬದಲಿಸಿ, ಶನಿವಾರ ಹೊಸಪೇಟೆ ಮುಟ್ಟಿದೆವು. ದಾರಿಯುದ್ದಕ್ಕೂ ಹಂಚಿನ ಗಂಟು ಅತ್ತೆಯ ತೊಡೆಯ ಮೇಲೆ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಚಿತ್ರದ ತೋಟಕ್ಕೇ ಬಂದು ಅಲ್ಲಿಯೂ ಮೂರು ಕಲ್ಲು ಹುಡುಕಬೇಕಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ತೋಟದ ಬಾಗಿಲಲ್ಲಿ ಖಾಕಿ ತೊಟ್ಟ ಕಾವಲುಗಾರ ಗಂಟು ಮುಟ್ಟಿ ನೋಡಿದ. "ಒಳಗೆ ಒಲೆ ಹೂಡುವ ಹಾಗಿಲ್ಲಮ್ಮ. ಇದನ್ನ ಇಲ್ಲೇ ಇಟ್ಟು ಹೋಗಿ."

"ಯಪ್ಪಾ, ಇದು ಪ್ರಸ್ಥಾನದ ಗಂಟು. ನಮ್ಮ ಕೂಡ ಬರಬೇಕು" ಎಂದರು ಅತ್ತೆ.

"ಯಾವ ಸ್ಥಾನದ್ದಾದರೂ ಇಲ್ಲೇ ಇರಬೇಕು" ಎಂದ ಪುಣ್ಯಾತ್ಮ. ಅವನ ಕಾಲಿಗೆ ಬೀಳುವುದೊಂದು ಬಾಕಿ ನನಗೆ.

ಒಳಗೆ ಹೋಗಿ ಹುಲ್ಲಿನ ಮೇಲೆ ಕೂತೆವು. ಯಜಮಾನರು ಮಕ್ಕಳನ್ನು ಕರೆದುಕೊಂಡು ಜಿಂಕೆ ನೋಡಲು ಹೋದರು. ನಾನು ಕಾಲು ಚಾಚಿದೆ. ಅತ್ತೆಗೆ ಮಾತ್ರ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟರು, ಸೆರಗಿನಲ್ಲಿ ಸುತ್ತಿದರು. ಐದು ನಿಮಿಷ ಕಳೆಯುವುದರೊಳಗೆ ಬಗ್ಗಿ, ಹುಲ್ಲಿನ ನಡುವೆ ಕಳೆ ಆರಿಸಿ ಕೀಳತೊಡಗಿದರು. ನಾನು ಬೇಡವೆನ್ನುವಷ್ಟರಲ್ಲಿ ಒಂದು ಮಾರು ಜಾಗ ಸ್ವಚ್ಛ ಮಾಡಿದ್ದರು. ಮಾಲಿ ಓಡಿ ಬಂದ. ಬೈಯುತ್ತಾನೆಂದು ನಾನು ಎದ್ದು ನಿಂತೆ. ಅವನು ಕಿತ್ತ ಕಳೆಯನ್ನೇ ನೋಡುತ್ತ ನಿಂತು, "ಅಮ್ಮ, ನಾಳೆಯೂ ಬರ್ತೀರಾ?" ಎಂದ.

ಅಷ್ಟರಲ್ಲಿ ಹೋಟೆಲ್ಲಿನವನು ಚಹಾ ತಂದುಕೊಟ್ಟ. ಹನ್ನೆರಡು ವರ್ಷದ ಆಸೆ ಬಾಯಿ ಸುಡುವಷ್ಟು ಬಿಸಿಯಾಗಿತ್ತು. ಸುಖಕ್ಕೆ ಅಳು ಬಂತು, ಅತ್ತುಬಿಟ್ಟೆ. ನಾಚಿಕೆಯೇನಿಲ್ಲ. ಪಕ್ಕದಲ್ಲಿ ನನ್ನ ಅತ್ತೆ ಕುಡಿದು ಮುಗಿಸಿ, ಎರಡೂ ಕಪ್ಪು ಎತ್ತಿಕೊಂಡು ತೊಳೆಯಲು ನೀರು ಹುಡುಕಿದರು. ಹೋಟೆಲ್ಲಿನವನು ಕಪ್ಪು ಇಸಿದುಕೊಂಡು ಹೋದ. ಅವನು ಮರೆಯಾಗುವವರೆಗೆ ಅತ್ತೆ ಅವನನ್ನೇ ನೋಡುತ್ತಿದ್ದರು. ಆಮೇಲೆ ಅವರೂ ಮೆಲ್ಲಗೆ ಕಾಲು ಚಾಚಿದರು. ಮುಸ್ಸಂಜೆಗೆ ದೀಪ ಹತ್ತಿ, ಕಾರಂಜಿ ಕೆಂಪಾಗಿ ನೀಲಿಯಾಗಿ ಏಳುವಾಗಲೂ ಕದಲಲಿಲ್ಲ. ಯಜಮಾನರು ಬಂದು "ಏಳವ್ವಾ, ಗಾಡಿಗೆ ಹೊತ್ತಾತು" ಎಂದರೆ, ಅತ್ತೆ ತಲೆಯನ್ನೂ ತಿರುಗಿಸದೆ ಹೇಳಿದರು: "ತಡಿಯೋ. ಈಗ ಸುಮ್ನ ಕೂಡೂದು ರೂಢಿ ಆಗಾಕತ್ತೇತಿ."

ದರ್ಶನ

ಭಾನುವಾರ ನಾವು ಮನೆ ಮುಟ್ಟಿ ಕೀಲಿ ತೆಗೆಯುತ್ತಲೇ ಓಣಿಯ ಹೆಂಗಸರು ಪಡಸಾಲೆಯಲ್ಲಿ ಸೇರಿದರು. ಯಾತ್ರೆಯಿಂದ ಬಂದವರ ಕಾಲಿಗೆ ನಮಸ್ಕಾರ ಮಾಡುವುದು ನಮ್ಮಲ್ಲಿ ಪದ್ಧತಿ. ನಾವು ಹೋದದ್ದು ಎಲ್ಲಿಗೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಪದ್ಧತಿ ಬಿಡುವವರು ಯಾರು? ಒಬ್ಬೊಬ್ಬರಾಗಿ ಅತ್ತೆಯ ಕಾಲಿಗೆ ಬಿದ್ದರು.

"ದರ್ಶನ ಛಲೋ ಆತೇನ್ರಿ ಯವ್ವಾ?" ಎಂದಳು ಒಬ್ಬಳು.

ನಾನು ನಗುತ್ತ "ಅಲ್ಲಿ ದೇವರೆಲ್ಲಿ..." ಎಂದು ಬಾಯಿ ತೆರೆದೆ. ಅತ್ತೆ ಕೈಯೆತ್ತಿ ತಡೆದರು.

"ಭಾಳ ಛಲೋ ಆತವ್ವಾ. ನಲವತ್ತು ವರ್ಷ ಮನಿದೇವರಿಗೆ ಹ್ವಾದ್ನಿ. ಅಂವ ಗುಡಿಯಾಗ ಮಾರಿ ಅತ್ತ ಮಾಡಿ ಕುಂತಾನ, ನಾ ಗುಡಿ ಹಿಂದ ಒಲಿ ಮುಂದ. ಒಮ್ಮೆನೂ ನಾ ಅವನ ಮಾರಿ ನೋಡ್ಲಿಲ್ಲ, ಅಂವ ನನ್ನ ಮಾರಿ ನೋಡ್ಲಿಲ್ಲ. ರೊಟ್ಟಿ ಹೊತ್ತತಾವು ಅಂತ ಹಂಗ ಕೈ ಮುಗದು ಓಡಿ ಬರೂದು. ಈ ಸಲ ಒಂದ ದಿನ ಪೂರಾ ಕುಂತು ನೋಡಿದ್ನಿ."

ಇಷ್ಟು ವರ್ಷ ಒಂದೇ ಒಲೆಗೆ ಎರಡು ಕಡೆ ಕೂತು ಊದಿದವರು ನಾವಿಬ್ಬರು, ಈ ಮಾತು ಅವರು ನನಗೂ ಹೇಳಿರಲಿಲ್ಲ. ಒಂದು ಗಳಿಗೆ ನನಗೆ ಅವರ ಮುಖ ನೋಡಲು ಆಗಲಿಲ್ಲ.

ಆಮೇಲೆ ಮೂಲೆಯಿಂದ ಮೂರು ಮಕ್ಕಳ ತಾಯೊಬ್ಬಳು ಮೆಲ್ಲಗೆ ಕೇಳಿದಳು. "ಅಲ್ಲಿಗೆ ಹೋಗಾಕ ವಾರ ಯಾವ್ದು ಯವ್ವಾ?"

"ಯಾವ ವಾರಾದ್ರೂ ನಡೀತೈತಿ."

"ಹರಕಿ?"

"ಏನೂ ಇಲ್ಲ."

"ಮತ್ತ ನೇಮ?"

ಹೊರಗೆ ಕಟ್ಟೆಯ ಮೇಲೆ ಓಣಿಯ ಗಂಡಸರು ತಂಬಾಕು ತಿಕ್ಕುತ್ತ ಕೂತಿದ್ದರು. ಅತ್ತೆ ಅವರಿಗೂ ಕೇಳಲೆಂದು ದನಿ ಎತ್ತರಿಸಿದರು.

"ನೇಮ ಮಾತ್ರ ಭಾಳ ಕಡಕ್ ಐತವ್ವಾ. ಹೋದ ಹೆಂಗಸು ಒಲಿ ಮುಟ್ಟಂಗಿಲ್ಲ, ಮನ್ಯಾಗ ಉಳಿದ ಗಂಡಸು ಉಪಾಸ ಕೂಡಂಗಿಲ್ಲ!"